ಬ್ಲೇಡ್ಸ್ ಇನ್ ದ ಡಾರ್ಕ್ ಮೊದಲ ಸಲ ನಡೆಸುವಾಗ ಏನು ಮಾಡಬೇಕು?

ನಾಲ್ಕು ವರ್ಷದಿಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡೋ ಆಟ ನಡೆಸುತ್ತಿದ್ದೀರಿ, ಈಗ ಗೆಳೆಯರು ಅದೇ ಥರದ, ಆದರೆ ಕಳ್ಳರ ಗ್ಯಾಂಗಿನ ಕತೆಯ ಬ್ಲೇಡ್ಸ್ ಇನ್ ದ ಡಾರ್ಕ್ ಆಡೋಣ ಅನ್ನುತ್ತಿದ್ದಾರೆ, ಪುಸ್ತಕ ಎರಡು ಸಲ ಓದಿದರೂ ಜಿಎಂ (ಆಟ ನಡೆಸುವವರು) ಆಗಿ ಕೂತಾಗ ಏನು ಮಾಡಬೇಕು ಅಂತ ಹೊಳೆಯುತ್ತಿಲ್ಲ ಎಂದು ಕೇಳಿದ್ದೀರಿ. ನಾನೂ ಅದೇ ದಾರಿಯಲ್ಲಿ ಬಂದವನು. ನನಗೆ ಕಲಿಯೋಕೆ ಕಷ್ಟವಾಗಿದ್ದು ಹೊಸ ನಿಯಮಗಳಲ್ಲ. ಹಳೆ ಅಭ್ಯಾಸ ಬಿಡೋದೇ ಕಷ್ಟವಾಯಿತು.

ಮೊದಲ ಆಟಕ್ಕೆ ಎಂಟು ಪುಟ ಬರೆದುಕೊಂಡು ಹೋಗಿದ್ದೆ. ಬಂಗಲೆಯ ನಕ್ಷೆ, ಕಾವಲುಗಾರರು ಎಲ್ಲೆಲ್ಲಿ ನಿಂತಿರುತ್ತಾರೆ, ತಿಜೋರಿ ಯಾವ ಕೋಣೆಯಲ್ಲಿದೆ, ಎಲ್ಲಾ ಇತ್ತು. ಆಟಗಾರರು ಆ ನಕ್ಷೆ ನೋಡುತ್ತಾ ಒಂದು ಗಂಟೆ ಬರೀ ಪ್ಲಾನ್ ಮಾಡಿದರು. ನಾನು ಸುಮ್ನೆ ಕೂತಿದ್ದೆ. ಅದು ನನ್ನ ತಪ್ಪು. ಜಾನ್ ಹಾರ್ಪರ್ ಈ ಆಟ ಕಟ್ಟಿರೋದೇ ಆ ಒಂದು ಗಂಟೆ ಉಳಿಸೋ ಹಾಗೆ. ದಾಳಿಯೋ, ಮೋಸವೋ, ಕದ್ದು ನುಗ್ಗೋದೋ, ಪ್ಲಾನಿನ ಬಗೆ ಒಂದು ಆರಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಒಂದೇ ಒಂದು ವಿವರ ಹೇಳಬೇಕು. ಶುರು ಹೇಗಿರುತ್ತದೆ ಅಂತ ತೋರಿಸೋ ಎಂಗೇಜ್‌ಮೆಂಟ್ ದಾಳ ಹಾಕಿ ನೇರವಾಗಿ ಕೆಲಸದ ನಡುವೆ ಇಳಿಯಬೇಕು. ಹಗ್ಗ ತಂದಿದ್ದೀವಾ? ಲೋಡ್‌ನಲ್ಲಿ (ಹೊರಬಹುದಾದ ಸಾಮಾನಿನ ಮಿತಿ) ಜಾಗ ಇದ್ದರೆ ತಂದಿದ್ದೀರಿ. ಕಾವಲುಗಾರನಿಗೆ ಮೊದಲೇ ಲಂಚ ಕೊಡಬೇಕಿತ್ತಾ? ಸ್ಟ್ರೆಸ್ (ಪಾತ್ರದ ಮೇಲೆ ಏರೋ ಒತ್ತಡದ ಲೆಕ್ಕ) ತೆತ್ತು ಫ್ಲಾಶ್‌ಬ್ಯಾಕ್‌ನಲ್ಲಿ ಕೊಟ್ಟುಬಿಡಿ.

ಇನ್ನು ದಾಳದ ವಿಷಯ. ನೀವು ಜಾಸ್ತಿ ಗಮನ ಕೊಡಬೇಕಾದ ಜಾಗ ಇದೇ. ಇಲ್ಲಿ ಶತ್ರುಗಳ ಪರವಾಗಿ ನೀವು ಪ್ರತಿ ಏಟಿಗೂ ದಾಳ ಹಾಕೋದಿಲ್ಲ. ಆಟಗಾರ ಹಾಕಿದ ದಾಳದಲ್ಲೇ ಎರಡೂ ಕಡೆಯ ಲೆಕ್ಕ ಮುಗಿಯುತ್ತದೆ. ಬಿದ್ದ ದಾಳಗಳಲ್ಲಿ ದೊಡ್ಡದನ್ನು ನೋಡಿ. 6 ಬಂದರೆ ಕೆಲಸ ಆಯಿತು. 4 ಅಥವಾ 5 ಬಂದರೆ ಕೆಲಸ ಆಯಿತು, ಆದರೆ ಅದಕ್ಕೊಂದು ಬೆಲೆ ಇದೆ. 3 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕೆಟ್ಟಿತು.

ನನ್ನ ಎರಡನೇ ಆಟದಲ್ಲಿ ಒಬ್ಬ ಹುಡುಗ ಗೋದಾಮಿನ ಮಾಡಿನಿಂದ ಹಗ್ಗ ಇಳಿಬಿಟ್ಟು ಕಿಟಕಿಯೊಳಗೆ ನುಗ್ಗುತ್ತೇನೆ ಅಂದ. ಮೂರು ದಾಳ ಹಾಕಿದ, ದೊಡ್ಡದು 4. ನನ್ನ ಬಾಯಿಂದ ತಕ್ಷಣ ಬಂದಿದ್ದು, "ಕೈ ಜಾರಿತು, ಕೆಳಗೆ ಬಿದ್ದೆ." ಅವನ ಮುಖ ಸಣ್ಣದಾಯಿತು. ಸರಿಯಾಗಿಯೇ ಇತ್ತು, ಅವನು ಗೆದ್ದಿದ್ದನ್ನು ನಾನು ಕಿತ್ತುಕೊಂಡಿದ್ದೆ. ತಿದ್ದಿಕೊಂಡು ಹೇಳಿದೆ: "ಇಲ್ಲ, ನೀನು ಒಳಗಿದ್ದೀಯ. ಆದರೆ ಹಗ್ಗ ಬಿಚ್ಚಿಕೊಂಡು ಅಂಗಳಕ್ಕೆ ಬಿತ್ತು. ಕೆಳಗೆ ಒಬ್ಬ ಲಾಟೀನು ಎತ್ತಿ ಮೇಲೆ ನೋಡ್ತಿದ್ದಾನೆ." ಹಾಳೆಯ ಮೇಲೆ ಒಂದು ವೃತ್ತ ಬರೆದು ನಾಲ್ಕು ಭಾಗ ಮಾಡಿದೆ. ಪಕ್ಕದಲ್ಲಿ "ಕಾವಲಿನವರಿಗೆ ಗೊತ್ತಾಯ್ತು" ಎಂದು ಬರೆದು ಎರಡು ಭಾಗಕ್ಕೆ ಪೆನ್ಸಿಲ್ ತುಂಬಿದೆ; ನಾಲ್ಕೂ ತುಂಬಿದರೆ ಅದು ನಿಜವಾಗುತ್ತದೆ. ನಾಲ್ಕೂ ಜನ ಆ ವೃತ್ತದ ಮೇಲೆ ಬಗ್ಗಿದರು. ಆವತ್ತು ನನಗೆ ಈ ಆಟ ಅರ್ಥವಾಯಿತು.

ದಾಳ ಹಾಕೋ ಮೊದಲೇ ಪೊಸಿಷನ್ ಮತ್ತು ಎಫೆಕ್ಟ್ ಬಾಯಿಬಿಟ್ಟು ಹೇಳಿ. ಎಷ್ಟು ಅಪಾಯ, ಗೆದ್ದರೆ ಎಷ್ಟು ಸಿಗುತ್ತದೆ, ಇಷ್ಟೇ. ಪ್ರತಿ ಸಲ ಹೇಳಿ, ಬೇಜಾರಾದರೂ ಹೇಳಿ. ಕೇಳಿದ ಆಟಗಾರ "ಹಾಗಾದ್ರೆ ಬೇರೆ ಥರ ಮಾಡ್ತೀನಿ" ಅಂದರೆ ಬದಲಾಯಿಸೋಕೆ ಬಿಡಿ. ಸಂದೇಹ ಬಂದರೆ ರಿಸ್ಕಿ (ಮಧ್ಯಮ ಅಪಾಯ), ಸ್ಟ್ಯಾಂಡರ್ಡ್ (ಸಾಧಾರಣ ಫಲ) ಅಂದುಬಿಡಿ. ಡೆಸ್ಪರೇಟ್ (ಅತಿ ಹೆಚ್ಚು ಅಪಾಯ) ಅಂದಾಗ ಹೆದರಿಸಿದ ಹಾಗಾಯಿತೇನೋ ಅಂತ ಅಳುಕಬೇಡಿ. ಆ ದಾಳಕ್ಕೆ ಒಂದು ಎಕ್ಸ್‌ಪಿ (ಪಾತ್ರ ಬೆಳೆಸೋ ಅನುಭವದ ಅಂಕ) ಸಿಗುತ್ತದೆ ಅಂತ ಗೊತ್ತಾದ ಮೇಲೆ ಅವರೇ ಹುಡುಕಿಕೊಂಡು ಹೋಗುತ್ತಾರೆ.

ಹೊಸ ಜಿಎಂಗಳು ಪೆಟ್ಟು ಕೊಡೋಕೆ ಹಿಂದೆಮುಂದೆ ನೋಡುತ್ತಾರೆ. ನಾನೂ ನೋಡುತ್ತಿದ್ದೆ. ಬೇಕಿಲ್ಲ. ನೀವು ಕೊಟ್ಟ ಪೆಟ್ಟನ್ನು ಆಟಗಾರ ರೆಸಿಸ್ಟ್ ಮಾಡಬಹುದು. ದಾಳ ಹಾಕಿ, ಬಂದ ದೊಡ್ಡ ಸಂಖ್ಯೆಯನ್ನು 6ರಲ್ಲಿ ಕಳೆದರೆ ಉಳಿದಷ್ಟು ಸ್ಟ್ರೆಸ್ ಅವನ ಮೇಲೆ. ಸ್ಟ್ರೆಸ್ಸಿಗೆ ಇರೋದು ಒಂಬತ್ತೇ ಮನೆ. ತುಂಬಿದರೆ ಟ್ರಾಮಾ, ಅಂದರೆ ಪಾತ್ರಕ್ಕೆ ಉಳಿದುಬಿಡೋ ಮಾನಸಿಕ ಗಾಯ. ಹಾಗಾಗಿ ತಡೆಯೋ ಶಕ್ತಿ ಅವನ ಕೈಯಲ್ಲಿದೆ, ಖರ್ಚು ಮಾಡೋದು ಅವನ ಇಷ್ಟ. ನೀವು "ಕತ್ತಿ ಪಕ್ಕೆಗೆ ಹೊಕ್ಕಿತು" ಅಂತ ಧೈರ್ಯವಾಗಿ ಹೇಳಿ, ಆಮೇಲೆ "ತಡೀತೀಯಾ?" ಅಂತ ಕೇಳಿ. ಇದನ್ನು ಅವರಿಗೆ ನೆನಪಿಸೋ ಕೆಲಸ ನಿಮ್ಮದು, ಮೊದಲ ದಿನ ಯಾರಿಗೂ ನೆನಪಿರಲ್ಲ.

ತಯಾರಿಗೆ ಎಂಟು ಪುಟದ ಬದಲು ಈಗ ನಾನು ಬರೆಯೋದು ಮೂರು ಸಾಲು. ಮಾಲು ಯಾರದು, ಅದನ್ನು ಯಾರು ಕಾಯುತ್ತಿದ್ದಾರೆ, ಆಟಗಾರರ ಗ್ಯಾಂಗಿನ ಮೇಲೆ ಈಗಾಗಲೇ ಯಾರಿಗೆ ಸಿಟ್ಟಿದೆ. ನಿಮಗೆ ಮೊದಲ ಸಲಕ್ಕೆ ಅದೂ ಬೇಡ. ಪುಸ್ತಕದಲ್ಲೇ ಒಂದು ಆರಂಭ ಇದೆ. ಕ್ರೋಸ್ ಫುಟ್ ಅನ್ನೋ ಕೇರಿಯಲ್ಲಿ ಲ್ಯಾಂಪ್‌ಬ್ಲ್ಯಾಕ್ಸ್ ಮತ್ತು ರೆಡ್ ಸ್ಯಾಶಸ್ ಗ್ಯಾಂಗುಗಳ ನಡುವೆ ಜಗಳ, ಲ್ಯಾಂಪ್‌ಬ್ಲ್ಯಾಕ್ಸ್ ನಾಯಕ ಬಾಝೋ ಬಾಝ್ ನಿಮ್ಮವರನ್ನು ಕರೆಸಿ ಯಾವ ಕಡೆ ಅಂತ ಕೇಳುತ್ತಾನೆ. ಅಲ್ಲಿಂದಲೇ ಶುರು ಮಾಡಿ. ಡೌನ್‌ಟೈಮ್ (ಕೆಲಸ ಮುಗಿದ ಮೇಲಿನ ಬಿಡುವು) ನಿಯಮಗಳನ್ನು ಆ ರಾತ್ರಿ ಮುಟ್ಟಬೇಡಿ, ಮುಂದಿನ ವಾರ ನೋಡಿಕೊಳ್ಳಬಹುದು.

ನಿಮ್ಮ ಆಟಗಾರರ ಗ್ಯಾಂಗ್ ಯಾವ ಬಗೆಯದು ಅಂತ ನೀವು ಬರೆದಿಲ್ಲ. ಇನ್ನೂ ಆರಿಸಿಲ್ಲ ಅಂದರೆ ಶ್ಯಾಡೋಸ್ ತಗೊಳ್ಳಿ. ಹಾಕರ್ಸ್ (ನಿಷಿದ್ಧ ಮಾಲು ಮಾರುವವರು) ಆದರೆ ಇವತ್ತು ಮಾಡಬೇಕಾದ ಕೆಲಸ ಏನು ಅಂತ ಯೋಚಿಸೋದರಲ್ಲೇ ಹೊತ್ತು ಹೋಗುತ್ತದೆ. ಶ್ಯಾಡೋಸ್ ಅಂದರೆ ಕಳ್ಳರು, ಗೂಢಚಾರರು. ಏನು ಕದಿಯಬೇಕು ಅಂತ ಹೇಳಿದ ಕೂಡಲೇ ದಾಳ ಕೈಗೆ ತಗೊಳ್ಳುತ್ತಾರೆ.