ನಿಧಾನವಾಗಿ ತಿರುಗುವ ಗಾಳಿಯಂತ್ರದಿಂದ ಕರೆಂಟ್ ಹೇಗೆ ಬರುತ್ತದೆ?

ರೆಕ್ಕೆ ಇಷ್ಟು ನಿಧಾನವಾಗಿ ತಿರುಗಿದರೆ ಕರೆಂಟ್ ಹೇಗೆ ಬರುತ್ತದೆ ಅಂತ ಕೇಳಿದ್ದೀರಿ. ದೂರದಿಂದ ನೋಡಿದಾಗ ಹಾಗೆ ಅನ್ನಿಸುತ್ತದೆ, ಅಷ್ಟೇ. 60 ಮೀಟರ್ ಉದ್ದದ ರೆಕ್ಕೆ ನಿಮಿಷಕ್ಕೆ 12 ಸುತ್ತು ಹಾಕಿದರೂ ಅದರ ತುದಿ ಗಂಟೆಗೆ ಸುಮಾರು 270 ಕಿ.ಮೀ. ವೇಗದಲ್ಲಿರುತ್ತದೆ, ಬೇಕಾದರೆ ಲೆಕ್ಕ ಹಾಕಿ ನೋಡಿ. ಗಾಳಿ ರೆಕ್ಕೆಯನ್ನು ಸುಮ್ನೆ ತಳ್ಳುವುದಿಲ್ಲ, ವಿಮಾನದ ರೆಕ್ಕೆಯನ್ನು ಮೇಲೆತ್ತುವಂಥ ಬಲವೇ ಇಲ್ಲಿ ಅದನ್ನು ತಿರುಗಿಸುತ್ತದೆ. ಆಮೇಲೆ ಗೇರ್‌ಬಾಕ್ಸ್ ಆ ಸುತ್ತನ್ನು ಹಲವು ಪಟ್ಟು ಜಾಸ್ತಿ ಮಾಡಿ ಜನರೇಟರ್‌ಗೆ ಕೊಡುತ್ತದೆ. ಗೇರ್‌ಬಾಕ್ಸ್ ಇಲ್ಲದವೂ ಇವೆ.

ಆದರೆ ಮುಖ್ಯ ವಿಷಯ ಗಾಳಿಯ ವೇಗ. ಅದು ಎರಡು ಪಟ್ಟಾದರೆ ಗಾಳಿಯಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ, ಅರ್ಧಕ್ಕೆ ಇಳಿದರೆ ಎಂಟನೇ ಒಂದು ಭಾಗ ಮಾತ್ರ ಉಳಿಯುತ್ತದೆ! ಅದಕ್ಕೇ ಇದೊಂದನ್ನೇ ನಂಬಿಕೊಂಡು ಕೂರಲಾಗುವುದಿಲ್ಲ, ಗಾಳಿ ಬಿದ್ದಾಗ ಬ್ಯಾಟರಿಯೋ ಬೇರೆ ವಿದ್ಯುತ್ ಮೂಲವೋ ಬೇಕೇ ಬೇಕು. ಬಿರುಗಾಳಿ ಜಾಸ್ತಿಯಾದರೂ, ಸಾಮಾನ್ಯವಾಗಿ ಸೆಕೆಂಡಿಗೆ 25 ಮೀಟರ್ ಹೊತ್ತಿಗೆ, ಯಂತ್ರ ತಾನೇ ನಿಲ್ಲುತ್ತದೆ.

ಹೊಗೆ ಇಲ್ಲ, ಇಂಧನದ ಖರ್ಚಿಲ್ಲ, ಕಂಬಗಳ ನಡುವೆ ಬೇಸಾಯವನ್ನೂ ಮಾಡಬಹುದು. ನನಗೆ ನಿಜವಾಗಿ ಬೇಜಾರಾಗುವುದು ಹಕ್ಕಿ, ಬಾವಲಿಗಳು ರೆಕ್ಕೆಗೆ ಬಡಿದು ಸಾಯುವುದು. ಬಾವಲಿಗಳು ಹೆಚ್ಚಾಗಿ ಓಡಾಡುವುದು ಗಾಳಿ ಕಡಿಮೆ ಇರುವ ರಾತ್ರಿಗಳಲ್ಲಿ, ಆ ಹೊತ್ತಲ್ಲಿ ಯಂತ್ರ ನಿಲ್ಲಿಸಿದರೆ ಸಾವು ಎಷ್ಟೋ ಕಡಿಮೆಯಾಗುತ್ತದೆ, ಕರೆಂಟಿನ ನಷ್ಟವೂ ಅಷ್ಟೇನಿಲ್ಲ.