ಮುರಕಲ್ಲಿನ ಗೋಡೆಯಲ್ಲಿ ಪ್ಯಾಚ್ ಪ್ಯಾನೆಲ್ ನಿಲ್ಲಬೇಕಾದರೆ

ಪ್ರಶ್ನೆ: ನಮ್ಮ ಶಾಲೆಯ ಲ್ಯಾಬಿನಲ್ಲಿ 20 ಕಂಪ್ಯೂಟರ್ ಇವೆ. ಕಳೆದ ವರ್ಷ 24 ಪೋರ್ಟಿನ ಪ್ಯಾಚ್ ಪ್ಯಾನೆಲನ್ನು (ಎಲ್ಲ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಬಂದು ಸೇರುವ ಪಟ್ಟಿ) ಬ್ರ್ಯಾಕೆಟ್ ಇಟ್ಟು ಗೋಡೆಗೆ ಸ್ಕ್ರೂ ಹಾಕಿಸಿದ್ದೆವು. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಒಂದು ಬದಿ ಕಿತ್ತು ಬಂತು. ಈಗ ಕೇಬಲಿನಲ್ಲೇ ನೇತಾಡುತ್ತಿದೆ. ಇಂಥದ್ದನ್ನು ಕೂರಿಸುವ ಲೋಹದ ಚೌಕಟ್ಟು, ಅಂದರೆ ರ‍್ಯಾಕ್ ತಗೊಳ್ಳಬೇಕಾ? ಎಷ್ಟು ದೊಡ್ಡದು?
– ಒಬ್ಬ ಟೀಚರ್, ಬದಿಯಡ್ಕ

ಉತ್ತರ: ಟೀಚರೇ, ರ‍್ಯಾಕಿನ ಮಾತು ಆಮೇಲೆ. ಮೊದಲು ಗೋಡೆ ನೋಡಿ. ನಮ್ಮ ಕಡೆಯ ಹಳೇ ಶಾಲೆಗಳದ್ದು ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಅಲ್ವಾ? ಹ್ಯಾಮರ್ ಡ್ರಿಲ್ ಹೊಡೆದರೆ ಒಳಗೆ ಕಲ್ಲು ಪುಡಿಯಾಗಿ ತೂತು ಅಗಲವಾಗುತ್ತದೆ. ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಚಿಕ್ಕ ಪ್ಲಗ್ ಬರೀ ಸಾರಣೆಯಲ್ಲಿ ಹಿಡಿದಿರುತ್ತದೆ. ಮಳೆಗೆ ಗೋಡೆ ನೀರು ಕುಡಿದಾಗ ಅದೂ ಸಡಿಲ. ಹ್ಯಾಮರ್ ಆಫ್ ಮಾಡಿ, ಸುಮ್ನೆ ತಿರುಗಿಸಿಯೇ ಕೊರೆಯಲು ಹೇಳಿ. 3 ಇಂಚಿಗೆ ಕಡಿಮೆಯಿಲ್ಲದ ಪ್ಲಗ್ ಹಾಕಿಸಿ. 18 ಮಿ.ಮೀ. ಮರೈನ್ ಪ್ಲೈವುಡ್ಡಿನ ಹಲಗೆಯನ್ನು ಆರೇಳು ಕಡೆ ಗೋಡೆಗೆ ಬಿಗಿಸಿ. ರ‍್ಯಾಕ್ ಕೂರಬೇಕಾದ್ದು ಆ ಹಲಗೆಯ ಮೇಲೆ. ಅದರ ಬೋಲ್ಟುಗಳನ್ನು ಹಲಗೆಯ ಹಿಂದಿನಿಂದ ಮೊದಲೇ ತೂರಿಸಿಟ್ಟುಕೊಳ್ಳಿ.

ನಿಮಗೆ 6 ಯು ಸಾಕು. 1 ಯು ಅಂದರೆ ಒಂದೂಮುಕ್ಕಾಲು ಇಂಚು ಎತ್ತರ. ಪ್ಯಾನೆಲಿಗೆ ಒಂದು, ಕಂಪ್ಯೂಟರುಗಳನ್ನು ನೆಟ್‌ವರ್ಕಿಗೆ ಜೋಡಿಸುವ ಸ್ವಿಚ್ಚಿಗೆ ಒಂದು, ಎರಡರ ನಡುವೆ ಕೇಬಲ್ ಮ್ಯಾನೇಜರಿಗೆ ಒಂದು, ರೂಟರ್ ಇಡುವ ಟ್ರೇಗೆ ಒಂದು. ಎರಡು ಖಾಲಿ ಉಳಿಯಲಿ. 19 ಇಂಚಿನ ರ‍್ಯಾಕ್ ಎಂದು ಕೇಳಿದರೆ ನಿಮ್ಮ ಹಳೇ ಪ್ಯಾನೆಲೇ ಅದರಲ್ಲಿ ಕೂರುತ್ತದೆ. ತೆರೆದ ಬ್ರ್ಯಾಕೆಟ್ ಅಗ್ಗ, ನಿಜ. ಆದರೆ ಶಾಲೆಯಲ್ಲಿ ಚಾಕ್‌ಪೀಸಿನ ಧೂಳು, ಮೇಲಿಂದ ಹಲ್ಲಿ. ಬಾಗಿಲಿರುವುದನ್ನೇ ತಗೊಳ್ಳಿ.

ಪ್ಯಾನೆಲ್ ಕೂರಿಸುವಾಗ ರ‍್ಯಾಕಿನ ಕಂಬಿಯ ಚೌಕ ತೂತುಗಳನ್ನು ಹತ್ತಿರದಿಂದ ನೋಡಿ. ತೂತುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಎರಡು ಅಂತರ ಜಾಸ್ತಿ, ಮೂರನೆಯದು ಕಡಿಮೆ. ಆ ಕಡಿಮೆ ಅಂತರದ ಮಧ್ಯದಿಂದಲೇ ಹೊಸ ಯು ಶುರು. ಒಂದು ತೂತು ತಪ್ಪಿ ಕೇಜ್ ನಟ್ (ಚೌಕ ತೂತಿನಲ್ಲಿ ಕೂತು ಸ್ಕ್ರೂ ಹಿಡಿಯುವ ನಟ್) ಹಾಕಿದರೆ ಸ್ಕ್ರೂ ಸೇರುವುದಿಲ್ಲ, ಮುಂದಿನದ್ದಕ್ಕೂ ಜಾಗ ಕೆಡುತ್ತದೆ.

ಪ್ಯಾನೆಲಿನ ಹಿಂದೆ ಕೇಬಲ್ ಕಟ್ಟಲು ಒಂದು ಆಧಾರದ ಸರಳು ಬರುತ್ತದೆ. ಅದನ್ನು ಬಿಡಲೇಬೇಡಿ. ಮುಳ್ಳೇರಿಯ ಕಡೆ ಒಂದು ಕಚೇರಿಯಲ್ಲಿ ನಾನು ಅವಸರಕ್ಕೆ ಬಿಟ್ಟಿದ್ದೆ. ಆರು ತಿಂಗಳಿಗೆ ಎರಡು ಕಂಪ್ಯೂಟರ್ ಗಿಗಾಬಿಟ್ (1000 ಎಂಬಿಪಿಎಸ್) ವೇಗ ಬಿಟ್ಟು 100 ಎಂಬಿಪಿಎಸ್‌ಗೆ ಇಳಿದವು. ಸ್ವಿಚ್ ಬದಲಿಸಿದೆ, ಆಗಲಿಲ್ಲ. ಕೊನೆಗೆ ಪ್ಯಾನೆಲ್ ಬಿಚ್ಚಿ ನೋಡಿದರೆ ಕೇಬಲಿನ ಭಾರಕ್ಕೆ ಕಂದು ತಂತಿ ಪ್ಯಾನೆಲಿನ ಸೀಳಿನಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ಹಾಗಾಗಿ ನೆಟ್ ಪೂರ್ತಿ ನಿಲ್ಲಲಿಲ್ಲ, ನನಗೂ ಬೇಗ ಗೊತ್ತಾಗಲಿಲ್ಲ. ನಿಮ್ಮದೂ ಇಷ್ಟು ದಿನ ನೇತಾಡಿದೆ. ಆ ಬದಿಯ ಪೋರ್ಟುಗಳನ್ನೆಲ್ಲ ಹೊಸದಾಗಿ ಪಂಚ್ ಮಾಡಿಸಿ, ಅಂದರೆ ತಂತಿಗಳನ್ನು ಸೀಳಿಗೆ ಮತ್ತೆ ಒತ್ತಿ ಕೂರಿಸಲಿ. ಜೋಡಿ ತಂತಿಯ ತಿರುಪು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚದಿರಲಿ. ಕಟ್ಟುವುದಕ್ಕೆ ವೆಲ್ಕ್ರೋ ಪಟ್ಟಿ ಕೊಡಿ, ಪ್ಲಾಸ್ಟಿಕ್ ಟೈ ಬಿಗಿದು ಕೇಬಲ್ ಚಪ್ಪಟೆ ಮಾಡಬೇಡಿ.

ಕೇಬಲ್ ರ‍್ಯಾಕಿನ ಕೆಳಗಿನಿಂದ ಒಳಗೆ ಹೋಗಲಿ. ಗೋಡೆಯಲ್ಲಿ ನೀರು ಇಳಿದರೂ ಕೇಬಲ್ ಹಿಡಿದು ಒಳಗೆ ಬರುವುದಿಲ್ಲ. ರ‍್ಯಾಕಿಗೆ ಅರ್ಥಿಂಗ್ ಮಾತ್ರ ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಗುಡುಗು ಶುರುವಾಗುವ ಮೊದಲೇ ಎಲೆಕ್ಟ್ರಿಶಿಯನ್ ಹತ್ತಿರ ಕೊಡಿಸಿ.