800ನೇ ನಂಬರಿನವನೂ ಆಟಗಾರನೇ?

ಅಕ್ಕಲಕೋಟೆಯ ಓದುಗರೊಬ್ಬರು ಬರೆದಿದ್ದಾರೆ: ‘ಅಣ್ಣನ ಮಗ ಟೆನಿಸ್ ಆಡುತ್ತಾನೆ. ವಯಸ್ಸು 21, ರ‍್ಯಾಂಕ್ 800ರ ಆಚೆ. ಒಂದೆಕರೆ ಹೊಲ ಮಾರಿಯಾಯಿತು. ಇನ್ನೊಂದು ಮಾರೋಣ ಅನ್ನುತ್ತಾನೆ ಅಣ್ಣ. 800ನೇ ನಂಬರಿನವನೂ ಒಬ್ಬ ಆಟಗಾರನೇ?’

ಕಾಕಾ ಆಗಿ ನಿಮಗೆ ಸಿಟ್ಟು ಬಂದಿದ್ದು ಸಹಜ. ಆದರೆ ಕೊನೆಯ ಮಾತು ಸ್ವಲ್ಪ ಜಾಸ್ತಿಯಾಯಿತು. ಜಗತ್ತಿನ ಡಾಕ್ಟರುಗಳಲ್ಲಿ 800ನೆಯವರು ಸೊಲ್ಲಾಪುರದಲ್ಲಿದ್ದರೆ ನಾವು ನಸುಕಿನಲ್ಲೇ ಪಾಳಿ ಹಚ್ಚುತ್ತಿದ್ದೆವು, ಅಲ್ವಾ?

ಹುಡುಗನ ಆಟ ಚೆನ್ನಾಗಿಯೇ ಇರಬೇಕು. ಕೂಡದಿರುವುದು ರೊಕ್ಕದ ಲೆಕ್ಕ. ಇವರೆಲ್ಲ ಆಡುವುದು ಹೆಚ್ಚಾಗಿ ಒಟ್ಟು ಬಹುಮಾನ 15 ಸಾವಿರ ಡಾಲರ್ ಇರುವ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಟೂರ್ನಿಗಳಲ್ಲಿ. ಅಷ್ಟೂ ಹಣ ಎಲ್ಲರಿಗೂ ಹಂಚಿಹೋಗುತ್ತದೆ. ಸಿಂಗಲ್ಸ್ ಗೆದ್ದವನಿಗೆ 2,160 ಡಾಲರ್. ಮೊದಲ ಸುತ್ತಿನಲ್ಲೇ ಸೋತವನಿಗೆ 156. ಅದರಲ್ಲೂ ತೆರಿಗೆ ಮುರಿದುಕೊಳ್ಳುತ್ತಾರೆ. ವಿಮಾನ, ರೂಮು, ಊಟ, ಗಟ್ಟಿಂಗ್ (ರಾಕೆಟ್ಟಿಗೆ ತಂತಿ ಹೆಣೆಸುವುದು) ಎಲ್ಲ ಸ್ವಂತ ಖರ್ಚು.

ರ‍್ಯಾಂಕ್ ನಿಂತಿರುವ ಪಾಯಿಂಟ್‌ಗಳ ಕಥೆ ಇನ್ನೂ ಬಿಗಿ. ಮೊದಲ ಸುತ್ತು ಗೆದ್ದರೆ 1, ಟೂರ್ನಿಯನ್ನೇ ಗೆದ್ದರೆ 15. ಹಗೇವಿನ ಜೋಳದಂತೆ ಕೂಡಿಟ್ಟು ಉಣ್ಣೋಣ ಅಂದರೆ ಆಗುವುದಿಲ್ಲ; 52 ವಾರಕ್ಕೆ ಹೋಗಿಬಿಡುತ್ತವೆ. ಮೊಣಕಾಲು ನೋವು ಅಂತ ಆರು ತಿಂಗಳು ಮನೆಯಲ್ಲಿ ಕೂತರೂ ಕ್ಯಾಲೆಂಡರ್ ಕೂರುವುದಿಲ್ಲ.

ಸುಮಿತ್ ನಾಗಲ್ 2023ರ ಸೆಪ್ಟೆಂಬರ್‌ನಲ್ಲಿ, ತನ್ನ ಬ್ಯಾಂಕಿನಲ್ಲಿ 900 ಯೂರೋ ಇದೆ ಅಂದಿದ್ದರು. ಆಗ ಅವರು ಮೊದಲ 200ರೊಳಗಿದ್ದರು, ದೇಶದ ನಂಬರ್ ಒನ್! 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತು ದಾಟಿ, 31ನೇ ಶ್ರೇಯಾಂಕದ ಆಟಗಾರ ಬಬ್ಲಿಕ್‌ರನ್ನು ಸೋಲಿಸಿ 1,80,000 ಆಸ್ಟ್ರೇಲಿಯನ್ ಡಾಲರ್ ಗಳಿಸಿದರು. ಈ ಕಥೆ ನಿಮ್ಮ ಅಣ್ಣನಿಗೂ ಗೊತ್ತಿರಬೇಕು. ಹೊಲ ಮಾರಿಸುವುದು ಇಂಥ ಕಥೆಗಳೇ.

ನಮ್ಮ ಮಾತು ಕೇಳುವುದಾದರೆ ಎರಡನೇ ಎಕರೆ ಮಾರಬೇಡಿ. ಆಟವನ್ನೂ ಈಗಲೇ ಬಿಡಿಸಬೇಡಿ. ಜರ್ಮನಿ, ಫ್ರಾನ್ಸ್, ಇಟಲಿಯ ಕ್ಲಬ್‌ಗಳು ತಮ್ಮ ಲೀಗ್ ಪಂದ್ಯಗಳಿಗೆ ಹೊರಗಿನವರನ್ನು ದುಡ್ಡು ಕೊಟ್ಟು ಕರೆಸುತ್ತವೆ. ಕೆಳಗಿನ ರ‍್ಯಾಂಕಿನ ಎಷ್ಟೋ ಜನರ ವರ್ಷದ ಖರ್ಚು ನಡೆಯುವುದೇ ಅದರಿಂದ. ಅವನು ಅಲ್ಲಿಗೆ ಬರೆದು ನೋಡಲಿ. ಡಬಲ್ಸ್ ಬಿಡದೆ ಆಡಲಿ. ದೂರದ ಕೊಡಗಿನವರಾದರೂ ನಮ್ಮ ಕಡೆಯವರೇ ಅನ್ನೋಣ, ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಜಗತ್ತಿನ ನಂಬರ್ ಒನ್ ಆಗಿದ್ದು ಡಬಲ್ಸ್‌ನಲ್ಲಿ. ಡಿಗ್ರಿಯೂ ಕಟ್ಟಿರಲಿ. ಎರಡು ವರ್ಷ ನೋಡಿ, ಆಮೇಲೆ ಮೂವರೂ ಕೂತು ಮಾತಾಡಿ.

ಈ ಸಲ ಅವನು ಮನೆಗೆ ಬಂದಾಗ ‘ಎಷ್ಟನೇ ನಂಬರ್?’ ಅಂತ ಕೇಳಬೇಡಿ. ‘ದೀಪಾವಳಿಯೊಳಗೆ ಎಷ್ಟು ಪಾಯಿಂಟ್ ಹೋಗ್ತವೆ?’ ಅಂತ ಕೇಳಿ. ಕಾಕಾಗೆ ಇದೆಲ್ಲ ಯಾರು ಹೇಳಿದರು ಅಂತ ಅವನೇ ಕಣ್ಣು ಬಿಡುತ್ತಾನೆ.